ಮೂರೂವರೆ ಅಡಿಯ ಮರ್ಯಾದೆ

ಹೌ ದೆಶುನ್‌ಗೆ ಮಗಳ ಮದುವೆಯ ಚಿಂತೆಗಿಂತ ಬೀಗರ ಮನೆಗೆ ಒಯ್ಯುವ ಗೆಣಸಿನ ಚಿಂತೆಯೇ ದೊಡ್ಡದಾಗಿತ್ತು. ಝೆಂಗ್‌ಝೌ ಪಟ್ಟಣದವರು, ಏಳನೇ ಮಹಡಿಯವರು, ಮೊದಲ ಸಲ ಊಟಕ್ಕೆ ಕರೆದಿದ್ದಾರೆ. ಬರಿಗೈ ಬೀಸಿಕೊಂಡು ಹೋಗಲಾದೀತೇ? ವೆನ್ ಸೀಮೆಯ ರೈತನ ಹತ್ತಿರ ಕೊಡಲು ಇರುವುದು ಒಂದೇ. ಹೊಟ್ಟೆಗೂ ಸೊಂಟಕ್ಕೂ ಬಲವೆಂದು ನಾಟಿ ವೈದ್ಯರು ಬರೆದುಕೊಡುವ, ಕೋಲಿನಂತೆ ನೆಟ್ಟಗೆ ನೆಲದಾಳಕ್ಕೆ ಇಳಿಯುವ ‘ಕಬ್ಬಿಣಕೋಲು’ ಗೆಣಸು. (ಹೆಸರಷ್ಟೇ ಕಬ್ಬಿಣ. ಪಕ್ಕದಲ್ಲಿ ಜೋರಾಗಿ ಸೀನಿದರೆ ಎರಡು ತುಂಡು.)

“ಚೀಲದ ತುಂಬ ತುಂಡುಗಳಿವೆಯಲ್ರೀ, ಅದನ್ನೇ ಒಯ್ಯೋಣ. ರುಚಿ ಏನು ಬೇರೆಯಾಗುತ್ತಾ?” ಎಂದಳು ಹೆಂಡತಿ ಛಿಯಾವ್‌ಯೂನ್.

“ಮದುವೆ ಮಾತಿಗೆ ಮುರಿದದ್ದನ್ನ ಒಯ್ಯೋದಾ? ಹಳ್ಳಿಗಮಾರರು ಅಂತ ಅವರು ಮೂಗು ಮುರಿದ್ರೆ ನಮ್ಮ ಯಾನ್‌ಯಾನ್ ಆ ಮನೇಲಿ ತಲೆ ಎತ್ಕೊಂಡು ಬಾಳೋದು ಹೇಗೆ?”

ಬೆಳಗಿನಿಂದ ಎದೆಮಟ್ಟದ ಗುಂಡಿಯಲ್ಲಿ ಕೂತು ಒಂದೇ ಒಂದು ಬೇರನ್ನು ಕೆದಕಿದ. ನೆರವಿಗೆ ಬಂದ ಹೆಂಡತಿಗೆ ಬೈಗುಳವೇ ಕೂಲಿ. “ಅಲ್ಲಾಡಿಸ್ಬೇಡ! ಉಸಿರು ಬಿಡ್ಬೇಡ! ಸಲಿಕೆ ಮೆಲ್ಲಗೆ! ಇಡಿಯಾಗಿ ಎಬ್ಬಿಸ್ಬೇಕು!” ಮಧ್ಯಾಹ್ನದ ಹೊತ್ತಿಗೆ ಮೂರೂವರೆ ಅಡಿಯ ಮಹಾರಾಜರು ಅಖಂಡವಾಗಿ ಹೊರಬಂದರು. ದೆಶುನ್‌ಗೆ ಕಣ್ಣಲ್ಲಿ ನೀರೇ ಬಂತು.

ಇನ್ನು ಮಹಾರಾಜರಿಗೆ ಪಲ್ಲಕ್ಕಿ ಬೇಕಲ್ಲ! ಮನೆಯಲ್ಲಿ ಇಬ್ಬರಿಗೂ ಒಂದೊಂದು ಒಂಟಿ ಮಂಚ. ದೆಶುನ್ ತನ್ನ ಮಂಚದ ನಡುವಿನ ಹಲಗೆ ಕಿತ್ತ. ಅಳತೆ ಕೊಟ್ಟು ಮಾಡಿಸಿದಂತಿತ್ತು. ಹಳೇ ಬಟ್ಟೆ ಹರಿದು ಗೆಣಸನ್ನು ಅದಕ್ಕೆ ಕಟ್ಟಿದ.

“ಮಲಗೋದು ಎಲ್ಲಿ?”

“ಇವತ್ತೊಂದು ರಾತ್ರಿ ಚಾಪೆ ಮೇಲೆ. ನಾಳೆ ಸಂಜೆ ವಾಪಸ್ ತಂದು ಹಾಕ್ತೀನಿ ಕಣೇ.”

ಮರುದಿನ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಎರಡೇ. ಒಂದರಲ್ಲಿ ಛಿಯಾವ್‌ಯೂನ್ ತುಂಡುಗಳ ಚೀಲ ತಬ್ಬಿ ಕೂತಳು. (ತರಬೇಡ ಎಂದರೂ ತಂದಿದ್ದಳು.) ಇನ್ನೊಂದರಲ್ಲಿ ಗೆಣಸು ಕೂತಿತು. ದೆಶುನ್ ಎರಡು ಗಂಟೆ ನಿಂತೇ ಬಂದ.

ಏಳನೇ ಮಹಡಿಯಲ್ಲಿ ಬೀಗಿತ್ತಿ ಪು ನಗುನಗುತ್ತಾ ಬಾಗಿಲು ತೆರೆದಳು. ದೆಶುನ್ ಎರಡೂ ಕೈಯಲ್ಲಿ ಹಲಗೆ ಎತ್ತಿ ಒಪ್ಪಿಸಿದ. ಆಕೆ “ಅಯ್ಯಯ್ಯೋ, ಇಷ್ಟುದ್ದ!” ಎಂದು ಕಟ್ಟು ಬಿಚ್ಚಿ, ಒಳಗೆ ಹೋಗಿ, ಹಬೆಪಾತ್ರೆಯ ಮುಂದೆ ನಿಂತು ಪಟ್, ಪಟ್, ಪಟ್ ಎಂದು ಮುರಿದೇಬಿಟ್ಟಳು.

“ಅಯ್ಯೋ, ಮದುವೆ!” ಎಂದು ಕಿರುಚಿದ ದೆಶುನ್.

“ಮುರೀದೆ ಹಂಚ್ಕೊಂಡು ತಿನ್ನೋದು ಹೇಗೆ ಬೀಗರೇ? ಪಾತ್ರೆ ಇರೋದೇ ಇಷ್ಟಗಲ,” ಎಂದು ಆಕೆ ನಕ್ಕಳು. ಆಮೇಲೆ ಛಿಯಾವ್‌ಯೂನ್‌ಳ ಚೀಲ ಕಂಡು, “ಇದೇನು, ತುಂಡು ಮಾಡಿಯೇ ತಂದಿದ್ದೀರಾ! ಎಷ್ಟು ಅನುಕೂಲ! ಮುಂದಿನ ಸಲಾನೂ ಹೀಗೇ ತನ್ನಿ,” ಎಂದು ಅವಳನ್ನು ಅಪ್ಪಿಕೊಂಡಳು.

ಛಿಯಾವ್‌ಯೂನ್ ಗಂಡನತ್ತ ನೋಡಿದಳು. ದೆಶುನ್ ಹಬೆಪಾತ್ರೆಯತ್ತ ನೋಡಿದ.

ಊಟ ಭರ್ಜರಿಯಾಗಿತ್ತು. ಗೆಣಸು ಬಾಯಲ್ಲಿಟ್ಟರೆ ಕರಗುತ್ತಿತ್ತು. ಲಗ್ನದ ದಿನವೂ ಗೊತ್ತಾಯಿತು. “ಯಾನ್‌ಯಾನ್ ಇನ್ನು ನಮ್ಮನೆ ಮಗಳು,” ಎಂದು ಬೀಗಿತ್ತಿ ಕೈ ಹಿಡಿದಾಗ ದೆಶುನ್‌ಗೆ ಸಂತೋಷದಲ್ಲಿ ಮುರಿದ ಗೆಣಸೇ ಮರೆತುಹೋಯಿತು. ಹೊರಡುವಾಗ ಹಲಗೆಗಾಗಿ ಹುಡುಕಿದ. ಅದಾಗಲೇ ಬಾಲ್ಕನಿಯಲ್ಲಿ ಮೂರು ಸೇವಂತಿಗೆ ಕುಂಡಗಳನ್ನು ಹೊತ್ತು ಕೂತಿತ್ತು!

“ಎಂಥಾ ಒಳ್ಳೇ ಮರ! ಇದೂ ನಮಗೇ ತಾನೆ, ಬೀಗರೇ?”

ಮಗಳ ಅತ್ತೆಯಾಗುವವಳ ಹತ್ತಿರ ಮಂಚದ ಹಲಗೆ ವಾಪಸ್ ಕೇಳುವುದುಂಟೇ? ಮಾನ ಏನಾಗಬೇಕು! “ನಿಮಗೇ, ನಿಮಗೋಸ್ಕರವೇ ತಂದಿದ್ದು,” ಎಂದ ದೆಶುನ್.

ಮನೆ ಸೇರಿದ್ದೇ, ನಿಂತು ನಿಂತು ಸೋತ ಕಾಲಿಗೆ ಒಂದು ಗಳಿಗೆ ಆರಾಮ ಕೊಡೋಣವೆಂದು ಅಭ್ಯಾಸಬಲದಿಂದ ತನ್ನ ಮಂಚಕ್ಕೆ ಒರಗಿದ. ಧಡ್! ಸೊಂಟ ಹಾಸಿಗೆಯೊಂದಿಗೆ ಕೆಳಗೆ, ತಲೆ ಕಾಲು ಮೇಲೆ.

“ಏ, ಕೈ ಕೊಡೇ!”

ಛಿಯಾವ್‌ಯೂನ್ ತನ್ನ ಇಡೀ ಮಂಚದಿಂದ ನಿಧಾನವಾಗಿ ಎದ್ದಳು.

“ಅಲ್ಲಾಡ್ಬೇಡಿ. ಉಸಿರು ಬಿಡ್ಬೇಡಿ. ಇಡಿಯಾಗಿ ಎಬ್ಬಿಸ್ಬೇಕು. ಇರಿ, ಸಲಿಕೆ ತರ್ತೀನಿ.”