ನಲವತ್ತು ಅಕ್ಷರದ ಸಾಲಿನಲ್ಲಿ ವನಜ

ಸರಿಯಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ, ಕೆಟ್ಟರೆ ಮಾತ್ರ ಊರಿಗೆಲ್ಲ ಗೊತ್ತಾಗುವ ಕೆಲಸಕ್ಕೆ ಯಾರೂ ಸೇರಬಾರದು; ಸೇರಿದರೂ ಮದುವೆ ಮಾಡಿಕೊಂಡ ಮೇಲೆ ಸೇರಬೇಕು. ಎಂಬತ್ತರ ದಶಕದಲ್ಲಿ ಮಣಿಪಾಲದ ಒಂದು ಕಚೇರಿಯಲ್ಲಿ ನನ್ನದು ಅಂಥ ಕೆಲಸ. ಕಂಪ್ಯೂಟರಿನ ಪರದೆಗೆ ಅಕ್ಷರ ಬೇಕೋ ಚಿತ್ರ ಬೇಕೋ, ಸಾಲಿಗೆ ಎಂಬತ್ತು ಸಣ್ಣ ಅಕ್ಷರವೋ ನಲವತ್ತು ದಪ್ಪ ಅಕ್ಷರವೋ ಎಂದು ಯಂತ್ರದ ಒಳಗಿನಿಂದಲೇ ಹೇಳುವ ಪ್ರೋಗ್ರಾಂ ಬರೆಯುತ್ತಿದ್ದೆ. ಇದಕ್ಕೆ ಮೋಡ್ ಬದಲಿಸುವುದು ಎನ್ನುತ್ತಾರೆ. ಕಾಪುವಿನಲ್ಲಿದ್ದ ಅಮ್ಮ ನೆರೆಯವರಿಗೆಲ್ಲ, "ಮಗ ಟಿ.ವಿ. ರಿಪೇರಿ ಕಲಿಯುತ್ತಿದ್ದಾನೆ" ಎಂದು ಹೇಳಿದ್ದರು. ತಿದ್ದಲು ಹೋಗಿ ನಾನೇ ಸೋತೆ.

ಆದರೂ ಹುಡುಗಿ ಸಿಕ್ಕಿದ್ದಳು. ಕಾರ್ಕಳದ ವನಜ ಕಾಪುವಿನ ಶಾಲೆಯಲ್ಲಿ ಟೀಚರು. ಬಸ್ ಕಾಯುತ್ತಾ ಶುರುವಾದ ಮಾತು ಮದುವೆಯ ತನಕ ಬಂದಿತ್ತು. ಬಂದರೇನು, ಹುಡುಗಿಯ ಸೋದರಮಾವ ಹೂಂ ಅನ್ನದೆ ನಮ್ಮಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಅವಳ ಮಾವ ಕಲ್ಲುಕೋರೆಯ ಸಂಜೀವ ಶೆಟ್ಟರು. ಹುಡುಗಿಗೆ ಮೊದಲೇ ಗುರುತಿದ್ದವನಿಗೆ ಅವಳನ್ನು ಕೊಡುವುದಿಲ್ಲ ಎಂಬುದು ಅವರ ಹಟ. ಅದಕ್ಕೆ ನಾವು ದಲ್ಲಾಳಿಯೊಬ್ಬರನ್ನು ಹಿಡಿದು ಇದನ್ನು ಹೊಸ ಸಂಬಂಧದ ಹಾಗೆ ಅವರ ಮುಂದಿಟ್ಟೆವು. ವನಜಳನ್ನು ಒಮ್ಮೆಯೂ ನೋಡಿಲ್ಲವೆಂದು ನಾನು ನೆಲ ನೋಡುತ್ತಾ ಹೇಳಿದ್ದೆ.

ಹುಡುಗನ ಕೆಲಸ ನೋಡಬೇಕೆಂದು ಶೆಟ್ಟರು ಒಂದು ದಿನ ಕಚೇರಿಗೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಎ.ಸಿ.ಯ ಚಳಿಗೆ ಶಾಲು ಹೊದ್ದು ಕುಳಿತರು. ಕನ್ನಡಕ ಕಾರ್ಕಳದಲ್ಲೇ ಉಳಿದಿತ್ತು. ಪರದೆಯಲ್ಲಿ ಏನೇನೋ ಅಕ್ಷರಗಳಿದ್ದವು. ನಾನು ಗತ್ತಿನಿಂದ ಮೋಡ್ ಬದಲಿಸಿದೆ. ಪರದೆ ಪೂರಾ ಕಪ್ಪಾಯಿತು.

"ಎಂತ ಮಾರಾಯ್ರೇ, ಇದ್ದದ್ದೂ ಹೋಯಿತಲ್ಲ! ಇದಕ್ಕೆ ಸಂಬಳ ಬೇರೆ ಉಂಟಾ?"

ಮೋಡ್ ಬದಲಿಸಿದರೆ ಹಳೆಯದು ಅಳಿಸಿಹೋಗುತ್ತದೆ, ಹಾಗಾದರೇ ಸರಿ ಎಂದು ವಿವರಿಸಿದೆ. "ನಮ್ಮಲ್ಲಿ ಬಂಡೆ ಒಡೆದರೆ ಜಲ್ಲಿಯಾದರೂ ಕಾಣುತ್ತದೆ" ಎಂದರು. ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಇನ್ನು ಹುಡುಗಿ ಕೈತಪ್ಪಿದಳು ಎಂದುಕೊಂಡೆ. ಆ ಗಾಬರಿಯಲ್ಲಿ ನನ್ನ ಪರೀಕ್ಷೆಯ ಪ್ರೋಗ್ರಾಮನ್ನೇ ಓಡಿಸಿದೆ. ಅದು ಮೋಡ್ ಬದಲಿಸಿ, ಒಂದೇ ಪದವನ್ನು ಪರದೆ ತುಂಬ ಬರೆಯುತ್ತದೆ. ಎಂಬತ್ತರ ಸಾಲಿನಲ್ಲಿ ಬರೆದದ್ದು ಶೆಟ್ಟರಿಗೆ ಇರುವೆ ಹರಿದಂತೆ ಕಂಡಿತು. "ಈಗ ನೋಡಿ" ಎಂದು ನಲವತ್ತಕ್ಕೆ ಒತ್ತಿದೆ. ಯಾರು ನೋಡುತ್ತಾರೆಂದು ಆ ಪದವಾಗಿ ನಾನು ಏನನ್ನು ಇಟ್ಟಿದ್ದೆ ಎಂಬುದು ಒತ್ತಿದ ಮೇಲೆ ನೆನಪಾಯಿತು.

ಶೆಟ್ಟರು ಮುಂದಕ್ಕೆ ಬಾಗಿ, ದಪ್ಪ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ಕೋರೆಯಲ್ಲಿ ಕೂಗುವ ಸ್ವರದಲ್ಲಿ ಓದಿದರು. "ವ... ನ... ಜ. ಇದು ನಮ್ಮ ಹುಡುಗಿಯ ಹೆಸರಲ್ವಾ?"

ಇಡೀ ಕಚೇರಿ ನನ್ನನ್ನೇ ನೋಡಿತು. ಭೂಮಿ ಬಾಯಿ ಬಿಟ್ಟಿದ್ದರೆ ಆಗಲೇ ಇಳಿದುಬಿಡುತ್ತಿದ್ದೆ. "ಅದು... ಯಂತ್ರವೇ ಹಾಕಿಕೊಂಡದ್ದು" ಎಂದು ಬಾಯಿ ತೊದಲಿತು.

ಶೆಟ್ಟರು ಎದ್ದು ನಿಂತು, ಶಾಲು ಸೊಂಟಕ್ಕೆ ಕಟ್ಟಿ ಪರದೆಗೆ ಕೈಮುಗಿದರು. "ಈ ಸಂಬಂಧ ಆಗಬಹುದೋ ಎಂದು ಜೋಯಿಸರಲ್ಲಿ ಪ್ರಶ್ನೆ ಇಡಿಸಬೇಕೆಂದಿದ್ದೆ. ಇನ್ನು ಬೇಡ."

ಮದುವೆ ಆಯಿತು. ಊಟದ ಪಂಕ್ತಿಯಲ್ಲಿ ಎಲೆಯಿಂದೆಲೆಗೆ ಹೋಗಿ ಅವರು ಈ ಕಥೆ ಹೇಳುತ್ತಿದ್ದರೆ ನಾನು ಪಾಯಸದಿಂದ ತಲೆ ಎತ್ತಲಿಲ್ಲ. ನಿಜ ಹೇಳಬೇಕೆಂದು ಎರಡು ಸಲ ಹೊರಟದ್ದುಂಟು. ಎರಡು ಸಲವೂ ವನಜ ತೊಡೆ ಚಿವುಟಿದಳು. ವಿದ್ಯಾವಂತ ಅನ್ನಿಸಿಕೊಂಡು ಹಿರಿಯರೊಬ್ಬರಿಗೆ ಹೀಗೆ ಟೋಪಿ ಹಾಕಿದೆನಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ವರ್ಷ ಕಳೆದು ವನಜಳ ತಂಗಿ ಶೋಭಾಳಿಗೂ ಮೂರು ಸಂಬಂಧಗಳು ಬಂದವು. ಶೆಟ್ಟರು ಮುನ್ನಾದಿನವೇ ಹೇಳಿಕಳಿಸಿ, ಅವಳನ್ನು ಕರೆದುಕೊಂಡು ನೆಟ್ಟಗೆ ನನ್ನ ಕಚೇರಿಗೆ ಬಂದರು. ಮೂವರಲ್ಲಿ ಯಾರೆಂದು ಯಂತ್ರವೇ ಹೇಳಬೇಕಂತೆ. ಕೊನೆಗಳಿಗೆಯಲ್ಲಾದರೂ ನಿಜ ಹೇಳಿಬಿಡೋಣವೆಂದು, "ಮಾವ, ಒಂದು ಮಾತು..." ಎಂದು ಶುರುಮಾಡಿದೆ.

ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಜೋಯಿಸರಿಗಾದರೆ ಯಾರಾದರೂ ಮೊದಲೇ ಹೋಗಿ ಹೇಳಿಕೊಡಬಹುದು. ಇದು ಹಾಗಲ್ಲ ಮಾರಾಯ. ಪಾಪದ್ದು, ಸುಳ್ಳು ಹೇಳಲು ಗೊತ್ತಿಲ್ಲ, ನಿನ್ನ ಹಾಗೆ."

ಶೋಭಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೌದು ಮಾವ ಎಂದು ಗುಂಡಿ ಒತ್ತಿದೆ. ಮೂವರಲ್ಲಿ ಅವಳು ಮೆಚ್ಚಿದವನ ಹೆಸರನ್ನು ವನಜಳಿಂದ ತಿಳಿದು, ಬೆಳಿಗ್ಗೆಯೇ ಬಂದು ಒಳಗೆ ಹಾಕಿಟ್ಟಿದ್ದೆ.