ಮೋಡಕ್ಕೂ ಮಡಿ

ನಾನು ಟೆಕ್ಸಾಸ್‌ನಲ್ಲಿ ಕೂತು ಫಿನ್ಲೆಂಡಿನ ಕ್ಲೌಡ್ ಮಾರುವವಳು. ಅಂದರೆ, ಬೇರೆಯವರ ಡೇಟಾನೆಲ್ಲ ನಮ್ಮ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಇಟ್ಟು ಕಾಯುವ ಕೆಲಸ. ಇದನ್ನು ಹಿಡಿದ ಮೇಲೆ ನಗೆಪಾಟಲು ತಪ್ಪಿದ ವಾರವೇ ಇಲ್ಲ. ಸಾಲದ್ದಕ್ಕೆ ನಮ್ಮೆಜಮಾನರು ಇರುವುದು ದೊಡ್ಡದೊಂದು ಅಮೆರಿಕನ್ ಕ್ಲೌಡ್ ಕಂಪನಿಯಲ್ಲಿ. ಮನೆಯೊಳಗೇ ಎದುರು ಪಾರ್ಟಿ!

ವರ್ಷ ಮುಗಿಯುವುದರೊಳಗೆ ಒಬ್ಬ ಗಿರಾಕಿಯನ್ನಾದರೂ ತರದಿದ್ದರೆ ಟೆಕ್ಸಾಸ್ ಆಫೀಸು ಬಂದ್ ಅಂತ ಫಿನ್ಲೆಂಡಿನ ಬಾಸ್ ಹೇಳಿಬಿಟ್ಟಿದ್ದರು. ಟೆಕ್ಸಾಸ್ ಆಫೀಸು ಅಂದರೆ ನಾನೊಬ್ಬಳೇ. ನಮ್ಮೆಜಮಾನರು ಕಾಫಿ ಹೀರುತ್ತಾ, "ಬೇಜಾರು ಮಾಡ್ಕೋಬೇಡ ಕಣೇ, ನಮ್ಮ ಕಂಪನೀಲೇ ಕೆಲಸಕ್ಕೆ ರೆಫರಲ್ ಕೊಡ್ತೀನಿ" ಅಂದರು. ಆ ನಗು ನೋಡಿ ಮೈಯೆಲ್ಲ ಉರಿದುಹೋಯಿತು. ಒಂದು ಸಲ ತಗೊಂಡರೆ ಜೀವಮಾನವಿಡೀ ಅದನ್ನೇ ಕೇಳಬೇಕಲ್ಲ!

ಉಡುಪಿಯಲ್ಲಿ ದೋಸೆ ಅಂಗಡಿ

ನಾವಿರುವ ಮೆಕಿನ್ನಿಯಲ್ಲಿ ನಮ್ಮ ಬೀದಿಯವರದೇ ಒಂದು ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ಪಕ್ಕದ ಮನೆ ಅಂಕಲ್ ಕೈಯಲ್ಲಿ ಜಾಮೂನಿನ ಬಟ್ಟಲು ಹಿಡಿದು ವಿಚಾರಣೆಗೆ ನಿಂತರು.

"ಅಲ್ಲಮ್ಮಾ, ಅಮೆರಿಕದವರಿಗೆ ಅಮೆರಿಕದ ಕ್ಲೌಡ್ ಸಾಲದೇನು? ಉಡುಪಿಗೆ ಹೋಗಿ ದೋಸೆ ಅಂಗಡಿ ಇಟ್ಟ ಹಾಗಾಯ್ತಲ್ಲ!"

"ಯೂರೋಪಿನ ಜೊತೆ ವ್ಯಾಪಾರ ಮಾಡೋರಿಗೆ ಬೇಕಾಗುತ್ತೆ ಅಂಕಲ್. ಅಲ್ಲಿನವರಿಗೆ ಅಮೆರಿಕದ ಕಂಪನಿ ಕೈಗೆ ತಮ್ಮ ಗುಟ್ಟು ಕೊಡೋಕೆ ಈಗೀಗ ಹೆದರಿಕೆ."

"ಅಂದ್ರೆ ಫಿನ್ಲೆಂಡಿನಲ್ಲಿ ಇಟ್ಟರೆ ಯಾರ ಕೈಗೂ ಸಿಗಲ್ಲ ಅನ್ನು?"

"ಸುಲಭಕ್ಕೆ ಸಿಗಲ್ಲ."

ಅಂಕಲ್ ಅತ್ತ ಇತ್ತ ನೋಡಿ, ಮತ್ತೊಂದು ಜಾಮೂನು ಬಾಯಿಗಿಟ್ಟುಕೊಂಡು, ದನಿ ತಗ್ಗಿಸಿದರು. "ನನ್ನ ಶುಗರ್ ರಿಪೋರ್ಟ್ ಅಲ್ಲಿಡು ಮಾರಾಯ್ತಿ. ಅಮೆರಿಕ ಸರ್ಕಾರ ನೋಡಿದ್ರೂ ಪರವಾಗಿಲ್ಲ, ನಿಮ್ಮ ಆಂಟಿ ನೋಡಬಾರದು."

ಬಿಸಿ ಸಾಗಿಸುವ ಪೈಪು

ಆಸ್ಟಿನ್‌ನಲ್ಲಿ ಒಬ್ಬ ಗಿರಾಕಿಯನ್ನು ಭೇಟಿ ಮಾಡಲು ಜುಲೈ ತಿಂಗಳಲ್ಲಿ ಹೋದೆ. ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಚುರ್ ಅನ್ನುವ ಬಿಸಿಲು. ಅಂಥಾ ದಿನ ನಾನು ಹೆಮ್ಮೆಯಿಂದ ಏನು ಹೇಳಬೇಕು?

"ನಮ್ಮ ಕಂಪ್ಯೂಟರ್‌ಗಳ ಬಿಸೀನ ನಾವು ವೇಸ್ಟ್ ಮಾಡಲ್ಲ. ಪೈಪಿನಲ್ಲಿ ಫಿನ್ಲೆಂಡಿನ ಮನೆಗಳಿಗೆ ಕಳಿಸಿ ಎಲ್ಲರನ್ನೂ ಬೆಚ್ಚಗಿಡ್ತೀವಿ!"

ಆತ ಹಣೆಯ ಬೆವರು ಒರೆಸಿಕೊಂಡು ಬಹಳ ಆಸಕ್ತಿಯಿಂದ ಮುಂದಕ್ಕೆ ಬಾಗಿದ. "ಮೇಡಂ, ಆ ಪೈಪು ಇಲ್ಲಿಂದ ಅಲ್ಲಿಗೆ ಹಾಕೋಕಾಗುತ್ತಾ? ಹಾಗಿದ್ರೆ ಇವತ್ತೇ ಸೈನ್ ಮಾಡ್ತೀನಿ."

ಸ್ನಾನ ಆಗೇದೇನು?

ವರ್ಷ ಮುಗಿಯುತ್ತಾ ಬಂತು. ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ, ಕೇಳಲು ಉಳಿದಿದ್ದು ಒಬ್ಬರೇ. ಹ್ಯೂಸ್ಟನ್ ಕಡೆ ಸೈಪ್ರೆಸ್‌ನಲ್ಲಿ ಮನೆಯಿಂದಲೇ ಬಿಸಿನೆಸ್ ನಡೆಸುವ ಧಾರವಾಡದವರು. ಯೂರೋಪಿನ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಾರೆ; ಡೇಟಾ ಅಮೆರಿಕದ ಕಂಪನಿ ಕೈಲಿದೆ ಅಂತ ಆ ಆಸ್ಪತ್ರೆಗಳದು ತಕರಾರು. ದೇವರಿಗೆ ಕೈಮುಗಿದು ಬೆಳಿಗ್ಗೆಯೇ ಹೋಗಿ ಕೂತೆ.

"ಅಲ್ರೀ ಮೇಡಂ, ನನ್ನ ಡೇಟಾ ಈಗೂ ಯೂರೋಪಿನೊಳಗ ಅದ. ಅಮೆರಿಕದ ಕಂಪನಿಯವರು ಅಲ್ಲೇ ಬಿಲ್ಡಿಂಗ್ ಕಟ್ಟ್ಯಾರ. ಮತ್ತ ನೀವ್ಯಾಕ?"

"ಬಿಲ್ಡಿಂಗ್ ಅಲ್ಲಿದ್ರೂ ಕಂಪನಿ ಅಮೆರಿಕದ್ದೇ ಅಲ್ವಾ ಸರ್? ಇಲ್ಲಿನ ಕೋರ್ಟು ಕೊಡು ಅಂದ್ರೆ ಅವರು ಕೊಡಬೇಕಾಗಬಹುದು. ಅದಕ್ಕೇ ನಿಮ್ಮ ಆಸ್ಪತ್ರೆಯವರು ತಕರಾರು ಮಾಡ್ತಿರೋದು."

"ತಲಿಗೆ ಹೋಗವಲ್ತು ಬಿಡ್ರಿ" ಅಂದುಬಿಟ್ಟರು. ಮುಗಿಯಿತು ಕಥೆ ಅಂದುಕೊಂಡೆ. ನಮ್ಮೆಜಮಾನರ ಆ ನಗು ಕಣ್ಣಮುಂದೆ ಬಂತು.

ಅಷ್ಟರಲ್ಲಿ ಅವರ ತಾಯಿ ನೈವೇದ್ಯದ ಪಾತ್ರೆ ಹಿಡಿದು ದೇವರ ಮನೆ ಕಡೆ ಹೊರಟರು. ಮಗ ಪಾಪ, ಪಾತ್ರೆ ಇಸಿದುಕೊಳ್ಳಲು ಎದ್ದರು. "ಮುಟ್ಟಬ್ಯಾಡೋ! ಮಡಿಯೊಳಗಿದ್ದೀನಿ" ಅಂತ ಆಕೆ ಕೂಗಿದ್ದೇ ತಡ, ನನಗೆ ಹೊಳೆಯಿತು.

"ಸರ್, ಇದೇ ನೋಡಿ! ಅಡುಗೆಮನೆ ಯೂರೋಪಿನಲ್ಲೇ ಇದೆ, ಒಪ್ಪಿದೆ. ಆದ್ರೆ ಹೊರಗಿನವರು ಕೇಳಿದಾಗ ಪಾತ್ರೆ ಮುಟ್ಟೋಕೆ ಬಿಟ್ರೆ ಮಡಿ ಉಳಿಯುತ್ತಾ?"

"ಹೌದಲ್ರೀ!" ಅಂತ ತೊಡೆ ತಟ್ಟಿದರು. "ಇದನ್ನ ಮೊದಲೇ ಹೇಳಬಾರದೇನ್ರಿ? ಹಚ್ಚರಿ ನಿಮ್ಮ ಬಾಸ್‌ಗೆ ವಿಡಿಯೋ ಕಾಲ್, ಸಹಿ ಮಾಡೇಬಿಡೋಣು."

ಬಾಸ್ ತೆರೆಯ ಮೇಲೆ ಬಂದರು. ಅಲ್ಲಿ ಆಗಲೇ ಸಂಜೆ. ನೈವೇದ್ಯ ಮುಗಿಸಿ ಬಂದ ಅಜ್ಜಿ, ಮಗನ ಪಕ್ಕ ನಿಂತು ಕುತೂಹಲದಿಂದ ಇಣುಕಿದರು.

"ನಿಮ್ಮ ಪಾತ್ರಿ ಕಾಯಾಂವ ಇಂವ ಏನು? ಸ್ನಾನ ಆಗೇದೇನು ಕೇಳ್ರಿ."

ನಾನು ಮಗನ ಮುಖ ನೋಡಿದೆ. ಮಗ ನಗು ತಡೆದುಕೊಂಡು, "ಕೇಳ್ರಿ ಮೇಡಂ. ಅವ್ವ ಒಪ್ಪಲಿಲ್ಲಂದ್ರ ನಾ ಪೆನ್ ಹಿಡಿಯಂಗಿಲ್ಲ" ಅಂದರು. ಕೇಳಿದೆ. ನಮ್ಮ ಬಾಸ್ ಸುಳ್ಳು ಹೇಳುವವರಲ್ಲ, ತಮಾಷೆ ತಿಳಿಯುವವರೂ ಅಲ್ಲ. ಗಂಭೀರವಾಗಿ ಯೋಚಿಸಿ, "ಇವತ್ತು ಇನ್ನೂ ಇಲ್ಲ. ಕೆಲಸ ಮುಗಿಸಿ ಸೌನಾಕ್ಕೆ ಹೋಗುವವನಿದ್ದೆ. ಅದು ನಡೆಯುತ್ತದೆಯೇ?" ಅಂದರು.

"ಸೌನಾ ಅಂದ್ರೇನ?" ಅಜ್ಜಿ ಕೇಳಿದರು.

"ಬಿಸಿ ಹಬೆ ತುಂಬಿದ ಕೋಣೇಲಿ ಕೂತ್ಕೊಳ್ಳೋದು ಅಮ್ಮಾ."

"ಹಬಿಯೊಳಗ ಕೂಡಲಿಕ್ಕೆ ಅಂವೇನು ಇಡ್ಲಿನೇ? ತಲಿಮ್ಯಾಲೆ ನೀರು ಹಾಕ್ಕೊಂಡು ಬಾ ಅನ್ರಿ!"

ಇಡ್ಲಿ ಬಿಟ್ಟು ಉಳಿದದ್ದನ್ನೆಲ್ಲ ಇಂಗ್ಲಿಷ್‌ನಲ್ಲಿ ಹೇಳಿದೆ. "ಇದು ಗಿರಾಕಿಯ ಭದ್ರತಾ ನಿಯಮವೇ?" ಅಂದರು ಬಾಸ್. "ಹೌದು ಸರ್" ಅಂದೆ. ಮತ್ತಿನ್ನೇನು ಹೇಳಲಿ! ಎದ್ದು ಹೋದರು. ನಾವು ಮೂವರೂ ಖಾಲಿ ಕುರ್ಚಿ ನೋಡುತ್ತಾ ಕೂತೆವು. ಕೊನೆಗೆ ನೀರು ಸೋರುವ ತಲೆ, ಗರಿಗರಿ ಶರ್ಟಿನಲ್ಲಿ ವಾಪಸ್ ಬಂದು ಕೂತರು. ಅಜ್ಜಿ ಮಗನ ಬೆನ್ನು ತಟ್ಟಿ, "ಈಗ ಮಾಡು ಸಹಿ" ಅಂದರು.

ಹೊರಗೆ ಬಂದವಳೇ ನಮ್ಮೆಜಮಾನರಿಗೆ ಫೋನ್ ಮಾಡಿ, "ನಿಮ್ಮ ರೆಫರಲ್ ನೀವೇ ಇಟ್ಕೊಳ್ಳಿ!" ಅಂತ ಕೂಗಿದೆ. ಖುಷಿಗೆ ಕಣ್ಣಲ್ಲಿ ನೀರೇ ಬಂದುಬಿಟ್ಟಿತು.

ಮಾರನೇ ದಿನ ಬಾಸ್‌ನಿಂದ ಮೆಸೇಜು: "ಆ ಸ್ನಾನದ ನಿಯಮ ಒಂದು ಸಲಕ್ಕೆ ಮಾತ್ರವೇ, ಅಥವಾ ಪ್ರತಿ ವರ್ಷ ರಿನ್ಯೂ ಮಾಡಬೇಕೇ?"

"ದಿನಾ ಮಾಡಬೇಕು ಸರ್" ಅಂತ ಬರೆದೆ.

ತಕ್ಷಣ ಉತ್ತರ ಬಂತು: "ಸರಿ. ಇಡೀ ಟೀಮಿಗೆ ಟ್ರೇನಿಂಗ್ ಇಡುತ್ತೇನೆ."