ರಂಗೋಲಿಯೊಳಗಿನ ಗುಡೂರು

ಬಂದವರಿಗೆ ಚಹಾ ಬೇಕಾಯಿತು. ನೀಲಪ್ಪ ಕೆಟ್ಟದ್ದು ಅಲ್ಲಿಂದಲೇ.

ದೇಶದ ನೀರಿಗೆಲ್ಲ ಒಂದೇ ಯೋಜನೆಯಂತೆ, ಅದಕ್ಕೆ ಊರವರ ಮಾತೂ ಬೇಕಂತೆ. ನೀರಿನ ಇಲಾಖೆಯಿಂದ ಬಂದ ಸುಧಾರಾಣಿ ಮೇಡಂ ಗುಡೂರಿನ ಶಾಲೆಯ ಅಂಗಳದಲ್ಲಿ ಜನರ ಕೈಯಿಂದಲೇ ರಂಗೋಲಿಪುಡಿಯಲ್ಲಿ ಊರಿನ ನಕ್ಷೆ ಬರೆಸುತ್ತಿದ್ದರು. ಅವರವರ ಮನೆ ಅವರವರೇ ಬರೆಯಬೇಕು. ನೀಲಪ್ಪ ಕೂಲಿ ಬಿಟ್ಟು ಬಂದದ್ದು ಒಂದೇ ಆಸೆಗೆ: ತನ್ನ ಓಣಿಗೊಂದು ನಳ. ಹೆಂಡತಿ ಸುಂದರವ್ವನ ಮೊಣಕಾಲು ಸವೆದಿದ್ದವು. ಕೊಡ ಹೊತ್ತು ಏರು ಹತ್ತುವಾಗ ಅವಳು ಹಲ್ಲು ಕಚ್ಚುವುದನ್ನು ಅವನು ದಿನವೂ ನೋಡುತ್ತಿದ್ದ.

"ಮೇಡಂರಿ, ನಮ್ಮ ಓಣ್ಯಾಗ..."

"ಆಮ್ಯಾಲೆ ಮಾತಾಡುವಂತಿ. ಮೊದ್ಲ ಚಾಕ್ಕ ನೀರ ತಾ" ಎಂದು ಎಲ್ಲದಕ್ಕೂ ಮುಂದಾಗುವ ಹುಲ್ಲಪ್ಪ ಕೊಡ ಕೊಟ್ಟ.

ನೀರು ತಂದು ಬಾಯಿ ತೆರೆಯುವಷ್ಟರಲ್ಲಿ ಆಡೊಂದು ಓಡಿಬಂದು ಅರ್ಧ ಊರು ಅಳಿಸಿತು. ಅದನ್ನು ಅಟ್ಟಿ ಬಂದರೆ, "ಪುಡಿ ತೀರ್ತಲೇ, ಅಂಗಡಿಗೆ ಓಡು!" ಮಾತೆಲ್ಲ ಉಳಿದವರದು, ಓಡಾಟ ನೀಲಪ್ಪನದು. ಕೂತವರೆಲ್ಲ ತಮ್ಮ ತಮ್ಮ ಮನೆ ಬರೆದರು. ಹುಲ್ಲಪ್ಪನಂತೂ ತನ್ನ ಮನೆಗೆ ಇಲ್ಲದ ಮಾಳಿಗೆಯನ್ನೂ ಏರಿಸಿದ.

ಇಳಿಹೊತ್ತಿಗೆ ಮೇಡಂ, ಬೆವೆತು ನಿಂತಿದ್ದ ನೀಲಪ್ಪನ ಕೈಗೆ ತಂಬಿಗೆ ಕೊಟ್ಟರು. "ನೀವು ಏನೂ ಹೇಳಲೇ ಇಲ್ಲ. ಇದು ಹೊಸ ಟ್ಯಾಂಕ್. ಏರಿನ ಮೇಲೆ ಖಾಲಿ ಜಾಗ ನೋಡಿ ಇಡಿ, ಅಲ್ಲೇ ಕಟ್ಟೋಣ."

ನೀಲಪ್ಪ ಇಂಥ ನಕ್ಷೆ ಕಂಡವನಲ್ಲ. ಬೀರಪ್ಪನ ಗುಡಿಯೊಂದು ಗುರುತು ಹತ್ತಿತು. ಅದರ ಮಗ್ಗುಲಲ್ಲೇ ಬಯಲು! ಟ್ಯಾಂಕು ಅಲ್ಲಿ ಬಂದರೆ ಸುಂದರವ್ವ ಹೊಸ್ತಿಲು ದಾಟಿದರೆ ಸಾಕು. ತಂಬಿಗೆ ಇಟ್ಟ. ಎಲ್ಲರೂ ಕೈ ಎತ್ತಿ ಒಪ್ಪಿದರು, ಅವನೂ ಎತ್ತಿದ. ಫೋಟೋ ಆಯಿತು.

ಹುಲ್ಲಪ್ಪ ನಕ್ಷೆಯನ್ನೇ ದಿಟ್ಟಿಸಿದ. "ಲೇ ನೀಲಪ್ಪಾ, ಗುಡಿ ಮಗ್ಗಲಕ ನಿನ್ನ ಮನಿ ಐತಲ್ಲೋ! ನಕ್ಷ್ಯಾಗ ನೀ ಅದನ್ನ ಬರದೇ ಇಲ್ಲಲ್ಲ!"

ನೀಲಪ್ಪ ಹೊರಟಿದ್ದ ಮೇಡಂ ಜೀಪಿಗೆ ಅಡ್ಡ ಓಡಿದ. "ಅದು ಬಯಲಲ್ರೀ, ನನ್ನ ಮನಿ!"

"ಪಟ್ಟಾ ಇದೆಯಾ?"

"ಅಜ್ಜನ ಕಾಲದಿಂದ ಅದರಾಗ ಅದೇವ್ರಿ. ಪಟ್ಟಾ ಎಲ್ಲೀದ್ರಿ?"

ಮೇಡಂ ಮುಖ ಸಣ್ಣದಾಯಿತು. "ದಾಖಲೆಯಲ್ಲಿ ಸರ್ಕಾರಿ ಜಾಗ ಅಂತಲೇ ಇದೆ. ನೀವೇ ತೋರಿಸಿದ್ರಿ, ಊರೇ ಒಪ್ಪಿತು. ಫೋಟೋ ಆಗಲೇ ದಿಲ್ಲಿಗೆ ಹೋಯ್ತಲ್ಲಪ್ಪ."

ಮನೆಯ ಬಾಗಿಲಲ್ಲಿ ಸುಂದರವ್ವ ಕಾಯುತ್ತಿದ್ದಳು. "ಏನಂದ್ರರೀ? ನಮಗ ನೀರ ಬರ್ತಾವಂತೇನ್ರಿ?"

"ಬರ್ತಾವ. ಊರ ನೀರೆಲ್ಲಾ ನಮ್ಮ ಮನಿಗೇ ಬರ್ತಾವ."

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ಒಳಗೆ ಹೋಗಿ, ನಳ ಕೂಡಿಸಲೆಂದು ಒಲೆಯ ಪಕ್ಕದ ಮೂಲೆಯನ್ನು ಸಾರಿಸತೊಡಗಿದಳು. ನೀಲಪ್ಪ ಹೊರಗೇ ಕೂತು ಅತ್ತ.